ಹಸಿ ಹಚ್ಚೆಗೆ ಏನು ಹಚ್ಚುವುದು

ಹಚ್ಚೆ ಹಾಕುವ ಕೆಲಸಕ್ಕೆ ಹೊಸದಾಗಿ ಬರುವ ಹುಡುಗ ಹುಡುಗಿಯರು ಸೂಜಿಯ ಬಗ್ಗೆ ಕೇಳುತ್ತಾರೆ, ಬಣ್ಣದ ಬಗ್ಗೆ ಕೇಳುತ್ತಾರೆ, ಮಷಿನ್ ಯಾವುದು ಒಳ್ಳೆಯದು ಎಂದು ಕೇಳುತ್ತಾರೆ. ಗಿರಾಕಿ ಮನೆಗೆ ಹೋದ ಮೇಲೆ ಏನಾಗುತ್ತದೆ ಎಂದು ಕೇಳುವವರು ಕಡಿಮೆ. ನನ್ನ ಅನುಭವದಲ್ಲಿ ಅರ್ಧ ಹಚ್ಚೆ ಆಗುವುದು ಅಲ್ಲಿಯೇ. ಬಚ್ಚಲಲ್ಲಿ ಆಗುತ್ತದೆ, ಹಾಸಿಗೆಯಲ್ಲಿ ಆಗುತ್ತದೆ, ಮನೆಯ ಹಿರಿಯರು ಕಪಾಟಿನಿಂದ ತೆಗೆದು ಕೊಡುವ ಶೀಶೆಯಿಂದ ಆಗುತ್ತದೆ.

ನಾನು ಈಗ ಕೆಲಸ ಬಿಟ್ಟಿದ್ದೇನೆ. ಬೆಳಗಾವಿಯ ಅನಗೋಳದ ಮನೆಯಲ್ಲಿ ಕುಳಿತು ಒಂದೇ ಬೆರಳಿನಿಂದ ಇದನ್ನು ಟೈಪ್ ಮಾಡುತ್ತಿದ್ದೇನೆ. ಹತ್ತನೇ ಇಯತ್ತೆ ಪಾಸಾದದ್ದೇ ಮದುವೆಯಾದ ಮೇಲೆ. ಆದ್ದರಿಂದ ದೊಡ್ಡ ಮಾತು ಬರೆಯಲು ಬರುವುದಿಲ್ಲ, ನಡೆದದ್ದನ್ನು ಬರೆಯುತ್ತೇನೆ.

ಈ ಕೆಲಸದಲ್ಲಿ ನಾನು ಕೊನೆಗೆ ಕಾಯ್ದ ಕೈ ರತ್ನಾ ಎಂಬ ಹುಡುಗಿಯದು. ಮುಂಗೈ ಮೇಲೆ ಹಸಿ ಹಚ್ಚೆ, ವಾರ ಕಳೆದರೆ ಮೈತುಂಬ ಮದುವೆಯ ಅರಿಶಿಣ. ಹಚ್ಚೆಯೂ ಉಳಿಯಬೇಕು, ಅರಿಶಿಣವೂ ಆಗಬೇಕು. ಎರಡರಲ್ಲಿ ಯಾವುದು ಕೆಟ್ಟರೂ ಆ ಹುಡುಗಿಯ ಮನಸ್ಸು ಮುರಿಯುತ್ತಿತ್ತು. ಅದು ಹೇಗೆ ಆಯಿತು ಎಂದು ಹೇಳುವ ಮೊದಲು ನಾನು ಕಲಿತ ದಾರಿಯನ್ನು ಸ್ವಲ್ಪ ಹೇಳಬೇಕು.

ನನಗೆ ಕೆಲಸ ಕಲಿಸಿದವನು ನನ್ನ ಸೋದರಮಾವ. ವಾರದ ಸಂತೆಗಳಲ್ಲಿ ಗೋಣಿಚೀಲ ಹಾಸಿ, ಬ್ಯಾಟರಿ ಮಷಿನ್ ಇಟ್ಟುಕೊಂಡು ಕೂಡುತ್ತಿದ್ದ. ಖಾನಾಪುರದ ಸಂತೆ ಅವನಿಗೆ ಎಲ್ಲಕ್ಕಿಂತ ಪ್ರೀತಿ. ಹಿಂದೆ ಒಂದು ಹಲಗೆ, ಅದರ ಮೇಲೆ ಚಿತ್ರಗಳು: ತುಳಸಿ ಕಟ್ಟೆ, ನವಿಲು, ಚೇಳು, ಬಾಣ ಚುಚ್ಚಿದ ಹೃದಯ. ಗಿರಾಕಿ ಎದ್ದು ನಿಂತಾಗ ಮಾವ ಎಲ್ಲರಿಗೂ ಒಂದೇ ಮಾತು ಹೇಳುತ್ತಿದ್ದ: "ಔಡಲ ಎಣ್ಣ್ಯಾಗ ಅರಿಶಿಣ ಕಲಿಸಿ ಹಚ್ಚು. ಮ್ಯಾಲ ದೇವರ ಅದಾನ." ಔಡಲ ಎಣ್ಣೆ ಎಂದರೆ ಹರಳೆಣ್ಣೆ. ಒಬ್ಬರಿಗೆ ಬಳಸಿದ ಸೂಜಿಯನ್ನು ಇನ್ನೊಬ್ಬರಿಗೆ ಬಳಸಬಾರದು ಎನ್ನುವ ಕಟ್ಟುನಿಟ್ಟು ಆಗ ಸಂತೆಯಲ್ಲಿ ಇರಲಿಲ್ಲ. ಹಳೆಯದೆಲ್ಲ ಚಂದ ಎಂದು ಯಾರೂ ತಿಳಿಯಬೇಡಿ.

ಒಮ್ಮೆ ಸಂತೆಯಲ್ಲಿ ಬೆಣ್ಣೆ ಮಾರುವ ಒಬ್ಬ ಮನುಷ್ಯ ಮುಂಗೈ ಮೇಲೆ ಚೇಳು ಹಾಕಿಸಿಕೊಂಡು ಹೋದ. ಮುಂದಿನ ವಾರ ಬಂದು ನಮ್ಮ ಗೋಣಿಚೀಲದ ಮುಂದೆ ಕುಕ್ಕರುಗಾಲಲ್ಲಿ ಕುಳಿತ.

"ಮಾಮಾ, ನಿನ್ನ ಚೇಳಿನ್ನ ಬೆಕ್ಕು ತಿಂತು ನೋಡ."

"ಏನ ಹಚ್ಚಿದ್ದೀ ಅದಕ್ಕ?" ಮಾವ ಕೇಳಿದ.

"ಬೆಣ್ಣಿ. ಎಣ್ಣಿ ತೀರಿತ್ತು, ಬೆಣ್ಣಿ ಮನ್ಯಾಗ ಕೊಡಪಾನ ತುಂಬ ಇತ್ತು. ಮಧ್ಯಾಹ್ನ ಮಲಗಿದ್ದೆ. ಎದ್ದು ನೋಡ್ತೇನಿ, ಬೆಕ್ಕು ಕೈ ನೆಕ್ಕಾಕತ್ತೈತಿ. ಅದರ ನಾಲಿಗಿ ಪಾಲಿಶ್ ಪೇಪರ್ ಇದ್ದಂಗ. ಎರಡ ಕಾಲು ಹೋಗ್ಯಾವ."

ಮಾವ ಕೈಯನ್ನು ಬೆಳಕಿಗೆ ಹಿಡಿದು ನೋಡಿದ. ಗಾಯ ಕೆಟ್ಟಿರಲಿಲ್ಲ, ಅವನ ಪುಣ್ಯ. ಚೇಳಿಗೆ ಒಂದು ಬದಿಯ ಎರಡು ಕಾಲು ಮಾತ್ರ ಇರಲಿಲ್ಲ.

"ಇರವಲ್ದ್ಯಾಕ, ಕುಂಟ ಚೇಳು ಯಾರನ್ನೂ ಓಡಿಸಿಕೊಂಡ ಬರೂದಿಲ್ಲ," ಎಂದು ಮಾವ ಹೇಳಿದ. ಸುತ್ತ ನಿಂತವರೆಲ್ಲ ನಕ್ಕರು, ಬೆಣ್ಣೆಯವನೂ ನಕ್ಕ. ಮತ್ತೆ ಕಾಲು ಹಾಕಿಸಿಕೊಳ್ಳಲೇ ಇಲ್ಲ. ಸಂತೆಯಲ್ಲಿ ಅವನಿಗೆ ಕುಂಟ ಚೇಳಿನವ ಎಂದೇ ಹೆಸರು ಬಿತ್ತು.

ಆಗಿನ ಹಚ್ಚೆಯಲ್ಲಿ ಗೆರೆ ದಪ್ಪ. ಗಾಯ ಒಣಗಿ ಮೇಲೆ ಕಟ್ಟಿದ ಹಕ್ಕಳೆ ಕಿತ್ತುಹೋದರೂ ಕೆಳಗೆ ಏನಾದರೂ ಉಳಿಯುತ್ತಿತ್ತು. ಈಗ ಕೂದಲಿನಂಥ ಗೆರೆ ಎಳೆಯುತ್ತಾರೆ. ಹಕ್ಕಳೆಯ ಜೊತೆ ಗೆರೆಯೂ ಬರುತ್ತದೆ. ಹಚ್ಚೆ ಹಾಕುವ ರೀತಿ ಬದಲಾದಾಗ ಆರೈಕೆಯೂ ಬದಲಾಗಬೇಕು ಎನ್ನುವುದು ನನಗೆ ತಿಳಿದದ್ದು ಬಹಳ ತಡವಾಗಿ, ಟಿಳಕವಾಡಿಗೆ ಬಂದ ಮೇಲೆ.

ಟಿಳಕವಾಡಿಯಲ್ಲಿ ಸಾನಿಕಾ ಮೇಡಂ ಟ್ಯಾಟೂ ಅಂಗಡಿ ತೆರೆದಿದ್ದರು. ಮರಾಠಿ ಮನೆಯವರು, ನನ್ನ ಮಗಳ ವಯಸ್ಸು. ಹಳೆಯ ಕಾಲದ ಚಿತ್ರಗಳು ಬಲ್ಲವರು ಬೇಕು ಎಂದು ನನ್ನನ್ನು ಹುಡುಕಿಕೊಂಡು ಅನಗೋಳದ ಓಣಿಗೆ ಬಂದಿದ್ದರು. ನಾನು ಮೇಡಂ ಎನ್ನುತ್ತಿದ್ದೆ, ಅವರು ಕಾಕಾ ಎನ್ನುತ್ತಿದ್ದರು. ಮೊದಲ ದಿನ ಗಿರಾಕಿಗೆ ನಾನು ರೂಢಿಯಂತೆ ಔಡಲ ಎಣ್ಣೆ, ಅರಿಶಿಣ ಎಂದೆ. ಅವನು ಹೋದ ಮೇಲೆ ಮೇಡಂ ನನ್ನನ್ನು ಬೇಸಿನ್ ಹತ್ತಿರ ಕರೆದರು.

"ಕಾಕಾ, ನಿಮ್ಮ ಮೊಣಕಾಲ ತರಚಿದ್ರ ಮೊದಲ ಏನ ಮಾಡ್ತೀರಿ?"

"ತೊಳಕೋತೇನಿ."

"ಹಚ್ಚಿನೂ ತರಚಿದ ಗಾಯನ. ಮೊದಲ ತೊಳೀಬೇಕು. ಹಚ್ಚೂ ಮಾತು ಆಮ್ಯಾಲ."

ಅಂದಿನಿಂದ ನನ್ನ ಬಾಯಲ್ಲಿ ಮೊದಲ ಮಾತು ತೊಳಿರಿ ಎನ್ನುವುದೇ ಆಯಿತು. ವಾಸನೆ ಇಲ್ಲದ ಸಾಬೂನು, ಉಗುರುಬೆಚ್ಚಗಿನ ನೀರು, ಬರಿಗೈ. ಬ್ರಷ್ ಬೇಡ, ತೆಂಗಿನ ನಾರು ಬೇಡ. ಮನೆಮಂದಿಯೆಲ್ಲ ಒರೆಸಿಕೊಳ್ಳುವ ಟವೆಲ್ ಬೇಡ, ತೊಳೆದ ಮೆತ್ತನೆಯ ಬಟ್ಟೆಯಿಂದ ಒತ್ತಿ ಒತ್ತಿ ಆರಿಸಿ. ಆರಿದ ಮೇಲೆ ಮುಲಾಮು, ಅದೂ ತೆಳ್ಳಗೆ. ಚರ್ಮ ಮಿಂಚಬೇಕು, ತೊಯ್ಯಬಾರದು. ಮೊದಲ ಎರಡು ಮೂರು ದಿನ ಸಾದಾ ಮುಲಾಮು, ಹಕ್ಕಳೆ ಕಟ್ಟಲು ಶುರುವಾದ ಮೇಲೆ ವಾಸನೆ ಇಲ್ಲದ ಲೋಶನ್. ಕೆಂಪು ಹರಡುತ್ತ ಹೋದರೆ, ಕೀವು ಬಂದರೆ, ಜ್ವರ ಬಂದರೆ ನಮ್ಮ ಹತ್ತಿರ ಬರಬೇಡಿ, ಡಾಕ್ಟರ ಹತ್ತಿರ ಹೋಗಿ. ಇಷ್ಟೇ ವಿದ್ಯೆ. ಇದನ್ನು ಹೇಳಲು ಒಂದು ನಿಮಿಷ ಸಾಕು. ಗಿರಾಕಿಗೆ ಮುಟ್ಟಿಸಲು ನನಗೆ ವರ್ಷಗಳೇ ಬೇಕಾದವು.

ಏಕೆಂದರೆ ನಾವು ಹೇಳುವುದು ಒಂದು, ಮನೆಯಲ್ಲಿ ನಡೆಯುವುದು ಇನ್ನೊಂದು. ಒಬ್ಬ ಹೆಣ್ಣುಮಗಳಿಗೆ ನಾನು ವಾಸನೆ ಇಲ್ಲದ ಸಾಬೂನು ಹಚ್ಚಿ ತೊಳಿರಿ ಎಂದೆ. ಆಕೆ ಬಟ್ಟೆ ಒಗೆಯುವ ಸಾಬೂನಿನ ಬಾರ್ ಹಚ್ಚಿ ತೊಳೆದಳು. "ನೀವ ಹೇಳಿದ್ರೆಲ್ಲ, ವಾಸನಿ ಇಲ್ಲದ್ದು ಅಂತ. ನಮ್ಮ ಮನ್ಯಾಗ ವಾಸನಿ ಇಲ್ಲದ್ದು ಅದೊಂದ ಇತ್ತರೀ," ಎಂದು ನನ್ನನ್ನೇ ಬೈದಳು. ಆಕೆಯ ಮಾತು ಖರೇ ಇತ್ತು. ಅಂದಿನಿಂದ ಮೇಡಂ ಒಂದು ಪದ್ಧತಿ ಮಾಡಿದರು: ವಸ್ತುವಿನ ಹೆಸರು ಹೇಳಬೇಡಿ, ವಸ್ತುವನ್ನೇ ಕೈಗೆ ಕೊಟ್ಟು ತೋರಿಸಿ.

ಇನ್ನೊಂದು ಪಾಠ ಡಬ್ಬಿಯದು. ಮೊದಲು ನಾವು ಮುಲಾಮನ್ನು ಅಗಲ ಬಾಯಿಯ ಡಬ್ಬಿಯಲ್ಲಿ ಕೊಡುತ್ತಿದ್ದೆವು. ಒಬ್ಬ ಹುಡುಗನ ಹಚ್ಚೆ ಏಕೆ ಮತ್ತೆ ಮತ್ತೆ ಕೆಂಪಾಗುತ್ತಿದೆ ಎಂದು ತಿಳಿಯದೆ ಕೇಳುತ್ತ ಹೋದೆ. ಕೊನೆಗೆ ಹೊರಬಿತ್ತು: ಅವನ ಅಪ್ಪ ದಿನಾ ಸಂಜೆ ಅದೇ ಡಬ್ಬಿಯಲ್ಲಿ ಬೆರಳು ಅದ್ದಿ ಹಿಮ್ಮಡಿಯ ಒಡಕಿಗೆ ಹಚ್ಚುತ್ತಿದ್ದ. "ಬಾಳ ಚಲೋ ಔಷಧ ಐತಿರೀ, ನನ್ನ ಹಿಮ್ಮಡ ಕೂಡಿದ್ವು," ಎಂದು ಅಪ್ಪ ಫೋನಿನಲ್ಲಿ ನನಗೆ ಸರ್ಟಿಫಿಕೇಟ್ ಕೊಟ್ಟ. ಅಲ್ಲಿಂದ ಡಬ್ಬಿ ಬಂದ್. ಒತ್ತಿದರೆ ಬರುವ ಸಣ್ಣ ಟ್ಯೂಬ್ ಶುರು.

ಒಂದು ವರ್ಷ ನನಗೆ ಗೆರೆಗಳು ಎರಡೆರಡಾಗಿ ಕಾಣತೊಡಗಿದವು. ನಮ್ಮ ಅಂಗಡಿಯ ಸಾಲಿನಲ್ಲೇ ಒಂದು ಕನ್ನಡಕದ ಅಂಗಡಿ ಇತ್ತು. ಅಲ್ಲಿ ಕೆಲಸಕ್ಕಿದ್ದವಳೇ ರತ್ನಾ. ಖಾನಾಪುರದ ಹುಡುಗಿ, ಬಾಯಿ ಜೋರು, ನಗು ಇನ್ನೂ ಜೋರು. ನನ್ನ ಕಣ್ಣಿಗೆ ಗಾಜಿನ ಮೇಲೆ ಗಾಜು ಇಟ್ಟು ನೋಡಿದಳು.

"ಕಾಕಾ, ಏನ ಕೆಲಸಾ ಮಾಡ್ತೀರಿ?"

"ಬಾಜೂಕ ಹಚ್ಚಿ ಹಾಕ್ತೇನವಾ."

"ಈ ಕಣ್ಣೀಲೆ? ಯವ್ವಾ! ಯಾರರ ನವಿಲಿಗೆ ಎರಡ ತಲಿ ಹಾಕೀರೇನ್ ಮತ್ತ?"

ನಾನು ನಕ್ಕೆ, ಆದರೆ ಅಂದೇ ಮೇಡಂಗೆ ಹೇಳಿ ಸೂಜಿ ಕೆಳಗಿಟ್ಟೆ. ಮನೆಗೆ ಹೋಗುತ್ತೇನೆ ಎಂದೆ. ಮೇಡಂ ಬೇಸಿನ್ ಹತ್ತಿರ ಒಂದು ಸ್ಟೂಲ್ ಎಳೆದು ಇಟ್ಟರು.

"ಎಲ್ಲಿ ಹೊಂಟ್ರಿ? ಇಲ್ಲಿ ಕುಂದರ್ರಿ. ಇನ್ನ ಮ್ಯಾಲ ಮಂದಿಗೆ ಆರೈಕಿ ಹೇಳೂದು ನಿಮ್ಮ ಕೆಲಸ. ನಾ ಹೇಳಿದ್ರ ಮೊಬೈಲ್ ತಗದು ಖರೇನೋ ಸುಳ್ಳೋ ನೋಡ್ತಾರ. ನೀವು ಹೇಳಿದ್ರ ಗೋಣು ಹಾಕ್ತಾರ."

ಹೀಗೆ ನನ್ನ ಕೊನೆಯ ವರ್ಷಗಳು ಆ ಸ್ಟೂಲ್ ಮೇಲೆ ಹೋದವು. ನಿಜ ಹೇಳಬೇಕೆಂದರೆ ಅವೇ ಖುಷಿಯ ವರ್ಷಗಳು. ಸೂಜಿ ಹಿಡಿದಾಗ ನಾನು ಕೈ ನೋಡುತ್ತಿದ್ದೆ. ಸ್ಟೂಲ್ ಮೇಲೆ ಕುಳಿತ ಮೇಲೆ ಮನುಷ್ಯರನ್ನು ನೋಡಿದೆ. ಟ್ಯೂಬ್ ಕೊಡುವ ಮೊದಲು ಮೇಡಂ ನನಗೆ ಎರಡು ಪ್ರಶ್ನೆ ಕೇಳಲು ಕಲಿಸಿದ್ದರು. ದಿನಾ ಏನು ಕೆಲಸ ಮಾಡುತ್ತೀರಿ? ಮನೆಯಲ್ಲಿ ಯಾರಿದ್ದಾರೆ? ಮೊದಲನೆಯದರಿಂದ ಧೂಳು, ಬೆವರು, ಬಿಸಿಲು ತಿಳಿಯುತ್ತದೆ. ಎರಡನೆಯದರಿಂದ ಯಾರು ಬೇರೆ ಔಷಧ ಹಚ್ಚಲು ಕಾಯ್ದಿದ್ದಾರೆ ಎನ್ನುವುದು ತಿಳಿಯುತ್ತದೆ.

ನಮ್ಮ ಅನಗೋಳದವನೇ ಪರಶಾ ಎಂಬ ಪೈಲವಾನ ತೋಳಿಗೆ ಗದೆ ಹಾಕಿಸಿಕೊಂಡಿದ್ದ. ಏನು ಕೆಲಸ ಎಂದೆ, ತಾಲೀಮು ಎಂದ. ತಾಲೀಮಿನ, ಅಂದರೆ ಗರಡಿಯ, ಕೆಂಪು ಮಣ್ಣಿಗೆ ಎಣ್ಣೆ, ಮಜ್ಜಿಗೆ, ಅರಿಶಿಣ ಹಾಕಿ ಹದ ಮಾಡಿರುತ್ತಾರೆ. ಆ ಮಣ್ಣು ಮೈಗೆ ಹಚ್ಚಿಕೊಳ್ಳದೆ ಕುಸ್ತಿ ಇಲ್ಲ.

"ನಾಳಿಂದ ಮಣ್ಣಿಗೆ ಇಳಿಯಾಕ ಯಾವ ಕ್ರೀಮ್ ಹಚ್ಚಲಿ?" ಎಂದು ಕೇಳಿದ.

"ಯಾವ ಕ್ರೀಮೂ ಇಲ್ಲ. ತೋಳು ಮಾಗೂತನಕ ಮಣ್ಣು ಇಲ್ಲ."

ಮರುದಿನ ಅವನ ವಸ್ತಾದರು, ಅಂದರೆ ಕುಸ್ತಿ ಕಲಿಸುವ ಗುರು, ಮೀಸೆ ತಿರುವುತ್ತ ಅಂಗಡಿಗೇ ಬಂದರು. "ಯಾರಂವ, ಮಣ್ಣು ಬ್ಯಾಡ ಅಂದಾಂವ? ಆ ಮಣ್ಣಾಗ ಔಷಧ ಐತಿ."

"ಔಷಧ ಐತಿರೀ ವಸ್ತಾದರ," ಎಂದೆ. "ಅದರ ಜೋಡಿ ಇಪ್ಪತ್ತು ಪೈಲವಾನರ ಬೆವರೂ ಐತಿ. ಅವರೆಲ್ಲರ ಬೆವರು ಇವನ ಗಾಯದಾಗ ಯಾಕ ಬೇಕು?"

ವಸ್ತಾದರು ಮೀಸೆಯಿಂದ ಕೈ ತೆಗೆದರು. "ತೋಳಿಗೆ ಸೂಟಿ ಕೊಟ್ರಿ. ಕಾಲಿಗೆ ಕೊಟ್ಟಿಲ್ಲಲ್ಲ?" ಎಂದರು. ಇಲ್ಲ ಎಂದೆ. ಅಷ್ಟೇ, ಪರಶಾ ಹಚ್ಚೆ ಮಾಗುವವರೆಗೆ ಅಂಗಳದಲ್ಲಿ ಒಬ್ಬನೇ ಬೈಠಕ್ ಹೊಡೆದ. ಆಮೇಲೆ ಮಣ್ಣಿಗೆ ಇಳಿದಾಗ ಅವನ ತೊಡೆ ಎಷ್ಟು ಗಟ್ಟಿಯಾಗಿತ್ತೆಂದರೆ, ಉಳಿದ ಹುಡುಗರೂ ಬಂದು ಹಚ್ಚೆ ಹಾಕಿಸಿಕೊಂಡರು, ಗುಣ ಗದೆಯದೇ ಎಂದು ತಿಳಿದು.

ಈಗ ರತ್ನಾಳ ಮಾತಿಗೆ ಬರುತ್ತೇನೆ.

ಒಂದು ದಿನ ಆಕೆ ಕನ್ನಡಕದ ಅಂಗಡಿಯಿಂದ ಓಡಿ ಬಂದು ಸ್ಟೂಲಿನ ಮುಂದೆ ನಿಂತಳು. "ಕಾಕಾ, ನನ್ನ ಲಗ್ನ ಗೊತ್ತಾತು. ನಮ್ಮ ಆಯಿ ಕೈಮ್ಯಾಲಿನ ಹಚ್ಚಿ ನನಗೂ ಬೇಕು. ಹಂಗಂದ್ರ ಹಂಗ, ಒಂದ ಚುಕ್ಕಿ ಹೆಚ್ಚಿಲ್ಲ, ಒಂದ ಕಡಿಮಿ ಇಲ್ಲ."

ಆಯಿ ಎಂದರೆ ನಮ್ಮ ಕಡೆ ಅಜ್ಜಿ. ರತ್ನಾಳನ್ನು ಬೆಳೆಸಿದ್ದೇ ಆಯಿ. ಅವಳ ಮುಂಗೈ ಮೇಲೆ ತುಳಸಿ ಕಟ್ಟೆ, ಕೆಳಗೆ ಐದು ಚುಕ್ಕಿ. ಐದನೆಯ ಚುಕ್ಕಿ ಸಾಲಿನಿಂದ ಸರಿದು ಹೊರಗೆ ಬಿದ್ದಿತ್ತು. ಆಯಿ ಸಣ್ಣವಳಿದ್ದಾಗ ನೋವಿಗೆ ಕೈ ಜಗ್ಗಿದ್ದಳಂತೆ. ರತ್ನಾ ಕೂಸಿದ್ದಾಗ ಆ ಸರಿದ ಚುಕ್ಕಿಯ ಮೇಲೆ ಬೆರಳಿಟ್ಟುಕೊಂಡೇ ನಿದ್ದೆ ಮಾಡುತ್ತಿದ್ದಳು. ಅದೇ ಚುಕ್ಕಿ, ಅಷ್ಟೇ ಸರಿದು, ತನ್ನ ಕೈ ಮೇಲೂ ಇರಬೇಕು ಎನ್ನುವುದು ಅವಳ ಹಟ.

ಮದುವೆಯಾದ ಮೇಲೆ ಹಾಕಿಸಿಕೊಳ್ಳಿ ಎಂದು ಮೇಡಂ ಹೇಳಿದರು. ಆಗುವುದಿಲ್ಲ ಎಂದಳು. ಹಚ್ಚೆ ಇಲ್ಲದ ಕೈಯಿಂದ ಕೊಟ್ಟ ಮನೆಯಲ್ಲಿ ನೀರು ಕೊಡಬಾರದು ಎಂದು ಆಯಿಯ ಮಾತು. ರಜೆಯೂ ಸಿಕ್ಕದ್ದು ಮದುವೆಗೆ ವಾರ ಮೊದಲು. ಆಯಿಯನ್ನೇ ಬಸ್ಸಿನಲ್ಲಿ ಕೂರಿಸಿಕೊಂಡು ಬೆಳಗಾವಿಗೆ ಕರೆತಂದಳು.

ಆಯಿ ಅಂಗಡಿಗೆ ಕಾಲಿಟ್ಟವಳೇ ಸೆರಗಿನ ಗಂಟು ಬಿಚ್ಚಿ ಒಂದು ಸಣ್ಣ ಶೀಶೆ ತೆಗೆದು ನನ್ನ ಕಪಾಟಿನಲ್ಲಿ ಎಲ್ಲ ಟ್ಯೂಬುಗಳ ಮುಂದೆ ಇಟ್ಟಳು.

"ಔಡಲ ಎಣ್ಣಿ, ಅರಿಶಿಣ. ನಾನ ಕಾಸೇನಿ. ಕೂಸಿಗೆ ಇದನ್ನ ಹಚ್ಚೂದು. ಈ ನಳಿಗೀ ಪಳಿಗೀ ಬ್ಯಾಡ."

ಮೇಡಂ ನನ್ನ ಮುಖ ನೋಡಿದರು. ನಾನು ಮೇಡಂ ಮುಖ ನೋಡಿದೆ. ನನ್ನ ಮಾವನ ಔಷಧವೇ ಎದುರಿಗೆ ಬಂದು ಕುಳಿತಂತಾಗಿತ್ತು.

ಮೇಡಂ ಆಯಿಯ ಪಕ್ಕದಲ್ಲಿ ಕುಳಿತರು. "ಆಯಿ, ಅರಿಶಿಣ ಕೂಡಿದ ಚರ್ಮಕ್ಕ ಬಂಗಾರ. ಹಸಿ ಹಚ್ಚಿ ಅಂದ್ರ ಚರ್ಮ ಬಾಯಿ ತಗದಿರತೈತಿ. ಪುಡಿ ಒಳಗ ಹೊಕ್ಕೊಂಡ ಕುಂದರತೈತಿ. ತಗಿಯಾಕ ತಿಕ್ಕಿದ್ರ ಹಕ್ಕಳಿ ಜೋಡಿ ಚುಕ್ಕಿನೂ ಬರತೈತಿ."

"ನನ್ನ ಚುಕ್ಕಿ ಬಂದಿಲ್ಲಲ್ಲ? ನೋಡ," ಎಂದು ಆಯಿ ಕೈ ಚಾಚಿದಳು.

"ಮಸಕಾಗೈತಿ ಆಯಿ," ಎಂದಳು ರತ್ನಾ.

"ಮಸಕಾದ್ರೇನಾತು? ನನಗೂ ಮಸಕಾಗೈತಿ. ಅದೂ ಐತಿ, ನಾನೂ ಅದೇನಿ."

ಮೇಡಂ ನಕ್ಕುಬಿಟ್ಟರು. ಆಮೇಲೆ ಅಂದರು, ಮೊದಲು ಆಯಿಯ ಹಚ್ಚೆಯನ್ನು ಕಾಗದಕ್ಕೆ ಇಳಿಸೋಣ. ಇಳಿಸಲು ಹೋದರೆ ಗೆರೆ ಕಾಣಿಸದು. ಚರ್ಮ ಒಣಗಿ ಬಿಳಿಚಿತ್ತು. ನನಗೆ ಒಂದು ಉಪಾಯ ಹೊಳೆಯಿತು. ಶೀಶೆ ಅಲುಗಿಸದೆ, ಅರಿಶಿಣ ತಳದಲ್ಲೇ ಇರುವಂತೆ ಓರೆ ಮಾಡಿ, ಮೇಲಿನ ಎಣ್ಣೆಯನ್ನು ಅಂಗೈಗೆ ತೆಗೆದುಕೊಂಡು ಆಯಿಯ ಮುಂಗೈಗೆ ಮೆಲ್ಲಗೆ ಸವರಿದೆ. ಮಳೆ ಬಿದ್ದ ಮೇಲೆ ಕಲ್ಲಿನ ಬಣ್ಣ ಏಳುವಂತೆ ಹಚ್ಚೆ ಎದ್ದು ಬಂತು. ಕಟ್ಟೆಯ ಮೆಟ್ಟಿಲು, ತುಳಸಿಯ ಎಲೆ, ಸರಿದ ಚುಕ್ಕಿ, ಎಲ್ಲ.

ಆಯಿ ಕುತ್ತಿಗೆ ಬಗ್ಗಿಸಿ ತನ್ನ ಕೈಯನ್ನು ತಾನೇ ನೋಡಿಕೊಂಡಳು. "ಯವ್ವಾ, ಇಷ್ಟ ಚಂದ ಇತ್ತು ಇದು?" ಎಂದಳು. ಆಮೇಲೆ ಶೀಶೆಯ ಮುಚ್ಚಳ ತಿರುವಿ ಸೆರಗಿಗೆ ಕಟ್ಟಿಕೊಂಡಳು. "ಇದು ಹಳೇ ಹಚ್ಚಿ ಔಷಧ ಆತು. ಹೊಸಾದಕ್ಕ ನಿಮ್ಮ ಔಷಧ ತೋರಸ್ರಿ."

ಹೊಸ ಹಚ್ಚೆಗೆ ಏನು ಹಚ್ಚುವುದು ಎನ್ನುವುದನ್ನು ನಾವು ಆಯಿಯ ಮುಂದೆಯೇ ಆರಿಸಿದೆವು. ಈಗ ಪಾರದರ್ಶಕ ಪಟ್ಟಿ ಬಂದಿದೆ. ಹಚ್ಚೆಯ ಮೇಲೆ ಅಂಟಿಸಿಬಿಟ್ಟರೆ ಕೆಲವು ದಿನ ನೀರು, ಧೂಳು ತಾಗುವುದಿಲ್ಲ. ಅರಿಶಿಣದ ದಿನಕ್ಕೆ ಅದೇ ಸರಿ ಎಂದು ನಾವು ಅಂದುಕೊಂಡಿದ್ದೆವು. ಆದರೆ ಮೇಡಂ ಯಾವುದನ್ನೂ ಪರೀಕ್ಷೆ ಮಾಡದೆ ಕೊಡುವವರಲ್ಲ. ರತ್ನಾಳ ಮೊಣಕೈ ಒಳಗೆ ಪಟ್ಟಿಯ ಒಂದು ತುಂಡು, ಅದರ ಬಾಜೂಕೆ ಮುಲಾಮು, ಅದರ ಬಾಜೂಕೆ ಲೋಶನ್ ಹಚ್ಚಿ ಒಂದು ದಿನ ಬಿಟ್ಟರು. ಮರುದಿನ ಅಜ್ಜಿ ಮೊಮ್ಮಗಳು ಬಂದಾಗ ನೋಡಿದರೆ ಪಟ್ಟಿ ಇದ್ದ ಜಾಗ ಚೌಕಾಕಾರವಾಗಿ ಕೆಂಪಾಗಿ ಕೆರೆಯುತ್ತಿತ್ತು. ಅಂಟು ಅವಳ ಚರ್ಮಕ್ಕೆ ಆಗಿಬರಲಿಲ್ಲ. ಮುಲಾಮು, ಲೋಶನ್ ಎರಡೂ ಸುಮ್ಮನಿದ್ದವು.

"ಇಕಿ ಚರ್ಮ ಇವರ ಅಪ್ಪಂದು," ಎಂದು ಆಯಿ ತೀರ್ಪು ಕೊಟ್ಟಳು. "ಅಂವಗೂ ಏನೂ ಆಗಿಬರ್ತಿದ್ದಿಲ್ಲ. ನನ್ನ ಅಡಗಿ ಬಿಟ್ಟು."

ಪಟ್ಟಿ ಹೋಯಿತು. ಹಚ್ಚೆ ಹಾಕಿದ್ದಾಯಿತು. ಮೇಡಂ ಸರಿದ ಚುಕ್ಕಿಯನ್ನು ಇಡುವಾಗ ಉಸಿರು ಹಿಡಿದಿದ್ದರು. ರತ್ನಾ ಟ್ಯೂಬ್ ತೆಗೆದುಕೊಂಡು ಖಾನಾಪುರಕ್ಕೆ ಹೋದಳು. ಅರಿಶಿಣದ ದಿನ ಏನು ಮಾಡುವುದು ಎಂದು ಮಾತ್ರ ಯಾರಿಗೂ ತಿಳಿದಿರಲಿಲ್ಲ.

ದಿನಾ ಕೈಯ ಫೋಟೋ ಬರುತ್ತಿತ್ತು. ಜೊತೆಗೆ ಆಯಿಯ ಧ್ವನಿಯೂ ಬರುತ್ತಿತ್ತು. "ತೊಳದಾಳ. ಒತ್ತಿ ಒರಸ್ಯಾಳ. ತೆಳ್ಳಗ ಹಚ್ಚ್ಯಾಳ. ಕೆರಕೊಳ್ಳಾಕ ಹೋಗಿದ್ಲು, ಕೈಮ್ಯಾಲ ಕೊಟ್ಟೇನಿ." ಬೀಗರ ಕಡೆಯಿಂದ ಬಂದ ಒಬ್ಬಳು ಕೊಬ್ಬರಿ ಎಣ್ಣೆ ಹಿಡಿದು ಬಂದಾಗ ಆಯಿ ಬಾಗಿಲಲ್ಲೇ ನಿಲ್ಲಿಸಿ, "ವಾಸನಿ ಐತೇನು? ಐತಿ ಅಂದ್ರ ಒಳಗ ಬರಬ್ಯಾಡ," ಎಂದಳಂತೆ. ನನ್ನ ಸ್ಟೂಲ್ ಮೇಲೆ ಕೂರಲು ಅವಳಿಗಿಂತ ಒಳ್ಳೆಯವರು ಸಿಗುತ್ತಿರಲಿಲ್ಲ.

ಅರಿಶಿಣದ ದಿನ ಮೇಡಂ ತಮ್ಮ ಸ್ಕೂಟರಿನ ಹಿಂದೆ ನನ್ನನ್ನು ಕೂರಿಸಿಕೊಂಡು ಖಾನಾಪುರಕ್ಕೆ ಹೊರಟರು. ಮದುವೆ ಮನೆಗೆ ನಾನು ಹೋದದ್ದು ಊಟಕ್ಕಲ್ಲ, ಒಂದು ಕೈ ಕಾಯಲು. ದಾರಿಯುದ್ದಕ್ಕೂ ನಕ್ಕೆವು.

ಹಚ್ಚೆಯನ್ನು ನೋಡಿದಾಗ ನಗು ನಿಂತಿತು. ಹಕ್ಕಳೆ ಈಗಷ್ಟೇ ಏಳತೊಡಗಿತ್ತು. ಅರ್ಧ ತುಳಸಿ ಕಟ್ಟೆ ಮಾಗಿತ್ತು, ಕೆಳಗಿನ ಚುಕ್ಕಿಗಳ ಮೇಲೆ ಇನ್ನೂ ಹಕ್ಕಳೆ ಕೂತಿತ್ತು. ಕೈಯಾಡಿಸಿದರೆ ಹೋಗುವ ಹಂತ.

ರತ್ನಾಳನ್ನು ಮಣೆಯ ಮೇಲೆ ಕೂರಿಸಿದರು. ಮೇಡಂ ಹಚ್ಚೆ ಇದ್ದ ಅವಳ ಎಡಗೈಗೆ ತೊಳೆದ ಬಿಳಿ ಅರಿವೆ ಸಡಿಲವಾಗಿ ಸುತ್ತಿ ಬಾಜೂಕೆ ಕುಳಿತರು. ನಾನು ಗಂಡಸು, ಬಾಗಿಲ ಹೊರಗೆ ಹೊಸ್ತಿಲ ಹತ್ತಿರ ನಿಂತೆ. ಗಂಡಿನ ಮನೆಯಿಂದ ಅರಿಶಿಣದ ಬಟ್ಟಲು ಬಂತು. ಅದು ಗಂಡಿಗೆ ಹಚ್ಚಿ ಉಳಿದ ಅರಿಶಿಣ. ಹೆಣ್ಣಿಗೆ ಅಡಿಯಿಂದ ಮುಡಿಯವರೆಗೆ ಮುಟ್ಟಬೇಕು ಎನ್ನುವುದು ಆ ಮನೆಯ ರೂಢಿ. ರತ್ನಾಳ ದೊಡ್ಡವ್ವ ಮುಂದೆ ನಿಂತಿದ್ದಳು. ಕಾಲಿಗೆ, ಮೊಣಕಾಲಿಗೆ, ಬಲಗೈಗೆ, ಕೆನ್ನೆಗೆ ಹಚ್ಚಿದರು. ಹಾಡು ಜೋರಾಗಿತ್ತು. ದೊಡ್ಡವ್ವನ ಕೈ ಎಡಗೈಗೆ ಬಂದಾಗ ಮೇಡಂ ಅಡ್ಡ ಹಿಡಿದರು.

"ಇದೊಂದು ಬಿಡ್ರಿ ದೊಡ್ಡವ್ವಾ. ಹಸೀ ಐತಿ."

"ಬಿಡೂದಂದ್ರ? ಬೀಗರ ಮನಿ ಅರಿಶಿಣ ಅರ್ಧಕ್ಕ ನಿಲ್ಲಸೂದ? ನಾಳೆ ಹುಡುಗಿಗೆ ಏನರ ಆದ್ರ ಯಾರನ್ನ ಕೇಳೂದು? ಅರಿವಿ ಬಿಚ್ಚು."

"ಬಿಚ್ಚಿದ್ರ ಚುಕ್ಕಿ ಹೋಗತೈತಿ," ಎಂದಳು ರತ್ನಾ.

"ಚುಕ್ಕಿ ದೊಡ್ಡದೋ, ಮುತ್ತೈದಿತನ ದೊಡ್ಡದೋ?"

ಹಾಡು ನಿಂತಿತು. ರತ್ನಾಳ ಕಣ್ಣಲ್ಲಿ ನೀರು ಬಂದು ಕೆನ್ನೆಯ ಅರಿಶಿಣದಲ್ಲಿ ಗೆರೆ ಎಳೆಯಿತು. ಮೇಡಂ ಹೊಸ್ತಿಲ ಕಡೆ ತಿರುಗಿ ನನ್ನನ್ನು ನೋಡಿದರು. ನನ್ನ ಚೀಲದಲ್ಲಿ ಮುಲಾಮು ಇತ್ತು, ಲೋಶನ್ ಇತ್ತು, ಸಾಬೂನು ಇತ್ತು. ಇದಕ್ಕೆ ಏನೂ ಇರಲಿಲ್ಲ.

ಇಷ್ಟೆಲ್ಲ ಆಗುವಾಗ ಆಯಿ ಅಲ್ಲಿರಲಿಲ್ಲ. ಗಂಡ ತೀರಿದ ಮೇಲೆ ಆಕೆ ಅರಿಶಿಣದ ಕಾರ್ಯಕ್ಕೆ ಮುಂದೆ ಬರುವವಳಲ್ಲ. ಅಡುಗೆಮನೆಯ ಬಾಗಿಲ ಹಿಂದೆ ಕುಳಿತು ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಯಾರೂ ಅವಳಿಗೆ ಅಲ್ಲಿ ಕೂರು ಎಂದಿರಲಿಲ್ಲ, ಹೊರಗೆ ಬಾ ಎಂದೂ ಅಂದಿರಲಿಲ್ಲ.

ರತ್ನಾ ಮಣೆಯಿಂದ ಎದ್ದುಬಿಟ್ಟಳು. ಮಣೆಯಿಂದ ಏಳಬಾರದು ಎಂದು ಯಾರೋ ಕೂಗಿದರು. ಹಳದಿ ಹೆಜ್ಜೆ ಮೂಡಿಸುತ್ತ ಅಡುಗೆಮನೆಗೆ ಹೋದಳು. ಆಯಿಯ ಕೈಯಿಂದ ಬೆಳ್ಳುಳ್ಳಿ ಬಿಡಿಸಿ, ಎಬ್ಬಿಸಿ ಕರೆತಂದು, ತನ್ನ ಮಣೆಯ ಪಕ್ಕದಲ್ಲಿ ಕೂರಿಸಿ, ತಾನೂ ಕುಳಿತಳು. ಆಯಿಯ ಮುಂಗೈಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡಳು.

"ದೊಡ್ಡವ್ವಾ, ನೋಡ. ಇದ ತುಳಸಿ ಕಟ್ಟಿ, ಇದ ಚುಕ್ಕಿ. ಈ ಕೈ ನೋಡಿಕೊಂಡ ಆ ಕೈ ಮಾಡ್ಯಾರ. ನನ್ನ ಎಡಗೈ ಪಾಲಿನ ಅರಿಶಿಣ ಇಲ್ಲಿ ಹಚ್ಚು. ಅರ್ಧಕ್ಕ ನಿಂದ್ರಬಾರ್ದು ಅಂತ ನೀನ ಅಂದೀ."

ಆಯಿ ಕೈ ಎಳೆದುಕೊಳ್ಳಲು ನೋಡಿದಳು. "ಹುಚ್ಚಿ, ಬಿಡ ನನ್ನ. ನನಗೆಲ್ಲಿ ಅರಿಶಿಣ?"

"ಆಯಿ, ಜಗ್ಗಬ್ಯಾಡ. ಹಿಂದ ಜಗ್ಗಿದ್ದಕ್ಕನ ಚುಕ್ಕಿ ಸರದೈತಿ," ಎಂದಳು ರತ್ನಾ.

ಯಾರೋ ಕಿಸಕ್ಕನೆ ನಕ್ಕರು. ಎಲ್ಲರೂ ದೊಡ್ಡವ್ವನನ್ನು ನೋಡಿದರು. ದೊಡ್ಡವ್ವ ಬಟ್ಟಲು ನೋಡಿದಳು, ಆಯಿಯನ್ನು ನೋಡಿದಳು. ಆ ಮನೆಗೆ ಸೊಸೆಯಾಗಿ ಬಂದ ದಿನ ಅವಳಿಗೆ ಅರಿಶಿಣ ಹಚ್ಚಿ ಒಳಗೆ ಕರೆದುಕೊಂಡ ಅತ್ತೆ ಈ ಆಯಿಯೇ. ದೊಡ್ಡವ್ವ ನೆಲಕ್ಕೆ ಕುಳಿತಳು. ಬಟ್ಟಲಲ್ಲಿ ಐದೂ ಬೆರಳು ಅದ್ದಿ, ಆಯಿಯ ಮುಂಗೈಗೆ ಮೊಣಕೈಯವರೆಗೆ ತುಂಬ ಹಚ್ಚಿದಳು. "ಹಾಡ್ರೇ, ಯಾಕ ನಿಂತ್ರಿ? ಬಾಯಾಗ ಅರಿಶಿಣ ತುಂಬೇತೇನು?" ಎಂದು ಉಳಿದವರನ್ನು ಬೈದಳು.

ಹಾಡು ಮತ್ತೆ ಎದ್ದಿತು. ಒಬ್ಬೊಬ್ಬರಾಗಿ ಬಂದರು. ಒಬ್ಬಳು ಆಯಿಯ ಕೆನ್ನೆಗೂ ಹಚ್ಚಿದಳು.

ಹಚ್ಚೆಯ ಗತಿ ಏನಾಯಿತು ಎಂದು ಕೆಲಸ ಕಲಿಯುವವರು ಕೇಳುತ್ತೀರಿ, ಅದನ್ನೂ ಹೇಳಿಬಿಡುತ್ತೇನೆ. ಹಕ್ಕಳೆ ತಾನಾಗಿಯೇ ಉದುರಿತು. ಸರಿದ ಚುಕ್ಕಿ ಸರಿದಲ್ಲೇ ಇದೆ. ಆ ತಿಂಗಳ ಕೊನೆಗೆ ನಾನು ಸ್ಟೂಲ್ ಬಿಟ್ಟು ಮನೆಗೆ ಬಂದೆ. ಹೊಸದಾಗಿ ಬಂದವರಿಗೆ ನನ್ನ ಮಾತು ಇಷ್ಟೇ: ಟ್ಯೂಬ್ ಆರಿಸುವ ಮೊದಲು ಮನೆಯಲ್ಲಿ ಯಾರಿದ್ದಾರೆ ಕೇಳಿ. ಸಾಧ್ಯವಾದರೆ ಅವರನ್ನೂ ಕರೆಸಿ.

ಅಂದು ಕಾರ್ಯ ಮುಗಿದು ರತ್ನಾಳನ್ನು ಮೈಗೆ ನೀರು ಹಾಕಲು ಕರೆದೊಯ್ದರು. ಆಯಿ ಅಲ್ಲೇ ಕುಳಿತಿದ್ದಳು, ಕೈಯನ್ನು ಎಲ್ಲಿಗೂ ತಾಗದಂತೆ ಗಾಳಿಯಲ್ಲಿ ಎತ್ತಿ ಹಿಡಿದು, ಹೊಸ ಹಚ್ಚೆ ಹಾಕಿಸಿಕೊಂಡವರು ಹಿಡಿಯುವಂತೆ. ಹೊಸ್ತಿಲ ಹೊರಗೆ ನಿಂತ ನನ್ನನ್ನು ಕಂಡಳು.

"ಏ ತಮ್ಮಾ, ಎಲ್ಲಾರಿಗೂ ಹೇಳತೀಯಲ್ಲ, ನನಗೂ ಹೇಳ. ಇದನ್ನ ಯಾವಾಗ ತೊಳೀಲಿ?"

ಇಷ್ಟು ವರ್ಷ ಬಂದವರಿಗೆಲ್ಲ ತೊಳಿರಿ, ತೊಳಿರಿ ಎಂದೇ ಹೇಳಿದ ಬಾಯಿ ನನ್ನದು.

"ತೊಳೀಬ್ಯಾಡ ಆಯಿ," ಎಂದೆ.